ಮೆದುಳಿನ ರೋಗಗಳೂ ನಮ್ಮವರ ಮೇಲಿನ ಪ್ರಯೋಗಗಳೂ

(ಶಿಕಾರಿಪುರದಲ್ಲಿ ಅಕ್ಕಿ ಗಿರಣಿ ಕೆಲಸಗಾರರೂ ಸಂತೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ. ಸೊರಬದ ಕಡೆಯಿಂದಲೂ ಕೆಲವರು ಬಂದಿದ್ದರು.)



ನಾನು ವೈದ್ಯನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಔಷಧಿ ಬರೆದುಕೊಡಲು ಬಂದವನೂ ಅಲ್ಲ. ನಿಮ್ಮ ಹಾಗೆಯೇ ಆಸ್ಪತ್ರೆಯ ಜಗುಲಿಯ ಮೇಲೆ ಕಾದು ಕುಳಿತವನು. ಹಾಗೆ ಕುಳಿತಾಗ ಹುಟ್ಟಿದ ಕೆಲವು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ನಾಲ್ಕು ವರ್ಷದ ಹಿಂದೆ ನನ್ನ ಗೆಳೆಯನೊಬ್ಬನಿಗೆ ಲಕ್ವ ಹೊಡೆಯಿತು. ಗಿರಣಿಯಲ್ಲಿ ಭತ್ತದ ಚೀಲ ಹೊರುತ್ತಿದ್ದ ಆಳು, ಐವತ್ತು ತುಂಬಿರಲಿಲ್ಲ. ಬೆಳಗಿನ ಜಾವ ಎದ್ದವನು ಬಲಗೈಯಲ್ಲಿ ಚೊಂಬು ಹಿಡಿಯಲಾರದೆ ಹೋದ. ಬಾಯಿ ಓರೆಯಾಯಿತು, ಮಾತು ತೊದಲಿತು. ಮನೆಯವರು ಎಣ್ಣೆ ತಿಕ್ಕಿಸಿದರು, ನಾಟಿ ಔಷಧಿ ಕೊಡಿಸಿದರು. ಆಸ್ಪತ್ರೆ ಮುಟ್ಟಿದ್ದು ಮೂರನೆಯ ದಿನ. ಅಲ್ಲಿ ಹತ್ತು ದಿನ ಇದ್ದು ಮನೆಗೆ ಬಂದ ಮೇಲೆ ಅವನ ಹೆಂಡತಿ ನನ್ನನ್ನು ಕರೆಸಿದರು. ಸೆರಗಿನ ಗಂಟು ಬಿಚ್ಚಿ ಮಡಿಸಿದ ಕಾಗದವೊಂದನ್ನು ತೆಗೆದು ಕೈಗಿಟ್ಟರು.

“ಅಣ್ಣಾ, ಇದ್ರಲ್ಲಿ ಏನು ಬರ್ದಿದೆ ಓದಿ ಹೇಳಿ. ಹೆಬ್ಬೆಟ್ಟು ಒತ್ತಿ ಬಂದಿದೀನಿ. ಗದ್ದೆಗೇನಾದ್ರೂ ತೊಂದ್ರೆ ಆಗತ್ತಾ?” ಎಂದು ಕೇಳಿದರು.

ಕಾಗದ ಇಂಗ್ಲಿಷಿನಲ್ಲಿತ್ತು, ನಾಲ್ಕು ಪುಟ. ಲಕ್ವ ಬಂದವರ ರಕ್ತವನ್ನು ಸಂಶೋಧನೆಗೆ ಬಳಸಿಕೊಳ್ಳುವುದಕ್ಕೂ ಆರು ತಿಂಗಳ ಬಳಿಕ ರೋಗಿ ಹೇಗಿದ್ದಾನೆಂದು ವಿಚಾರಿಸುವುದಕ್ಕೂ ಕೊಟ್ಟ ಒಪ್ಪಿಗೆ ಅದು. ಎರಡು ಸಲ ಓದಿದೆ, ಕೆಟ್ಟದ್ದೇನೂ ಕಾಣಲಿಲ್ಲ. ಗದ್ದೆಯ ಸುದ್ದಿ ಇದರಲ್ಲಿ ಇಲ್ಲವೆಂದು ಹೇಳಿದಾಗ ಆಕೆ ನಿಟ್ಟುಸಿರು ಬಿಟ್ಟರು. ಆಮೇಲೆ ಒಂದು ಮಾತು ಕೇಳಿದರು: “ಹಂಗಾದ್ರೆ ರಕ್ತ ತಗಂಡು ಅವ್ರಿಗೆ ಏನು ಗೊತ್ತಾಯ್ತಂತೆ?”

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಅವರಿಗೂ ಯಾರೂ ಬಂದು ಹೇಳಲಿಲ್ಲ.

ಹುಡುಕುತ್ತ ಹೋದವನಿಗೆ ಮೊದಲು ಸಿಕ್ಕಿದ್ದು ನಮ್ಮ ಮಂಗನ ಕಾಯಿಲೆ. ಯಾಕೆಂದರೆ ಈ ಸೀಮೆಯವರ ರಕ್ತ ತೆಗೆದು ರೋಗವನ್ನು ಅಭ್ಯಾಸ ಮಾಡುವ ಕೆಲಸ ಇಂದು ನಿನ್ನೆಯದಲ್ಲ, ಅರುವತ್ತು ವರ್ಷ ಮೀರಿತು. 1957ರ ಮಾರ್ಚ್ ತಿಂಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿವೆ, ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದ್ದಾರೆ ಎಂಬ ವರದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಆ ಕೇಂದ್ರವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನವೂ ಕೂಡಿ 1952ರಲ್ಲಿ ಸ್ಥಾಪಿಸಿದ್ದವು. ಟೆಲ್ಫರ್ಡ್ ವರ್ಕ್ ಎಂಬ ಅಮೆರಿಕನ್ ವೈದ್ಯ ಅದರ ಮುಖ್ಯಸ್ಥರಾಗಿದ್ದರು. ಅವರಿಗೆ ಮೊದಲು ಹುಟ್ಟಿದ ಭಯ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗ ಮಂಗಗಳು ಹೀಗೆಯೇ ಸಾಯುತ್ತವೆ. ಇಂಡಿಯಾಕ್ಕೆ ಆ ರೋಗ ಅದುವರೆಗೆ ಬಂದಿರಲಿಲ್ಲ. ಪರೀಕ್ಷೆ ಮಾಡಿದಾಗ ಅದು ಹಳದಿ ಜ್ವರವಾಗಿರಲಿಲ್ಲ. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡಿ ಮೆದುಳನ್ನು ಹಿಡಿಯುವ ಒಂದು ರೋಗವುಂಟು. ಅದರ ವೈರಸ್ಸಿಗೆ ದಾಯಾದಿಯಾದ ಹೊಸ ವೈರಸ್ಸು ಇದು ಎಂದು ಕಂಡಿತು. ಹೀಗೆ ಸೊರಬ ತಾಲ್ಲೂಕಿನ ಒಂದು ಊರಿನ ಹೆಸರು ಪ್ರಪಂಚದ ವೈದ್ಯಗ್ರಂಥಗಳನ್ನೆಲ್ಲ ಸೇರಿತು. ಆ ಊರಿನವರಿಗೆ ಅದರಿಂದ ಏನು ಸೇರಿತು ಎಂಬುದು ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಈ ಕಾಯಿಲೆ ಯಾರಿಗೆ ಬರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ದರಗು ಗುಡಿಸುವವರಿಗೆ, ಸೊಪ್ಪು ಕಡಿಯುವವರಿಗೆ, ಸೌದೆ ತರುವವರಿಗೆ, ದನ ಮೇಯಿಸುವವರಿಗೆ. ಕಾಡಿನಂಚಿನಲ್ಲಿ ಹೊಟ್ಟೆ ಹೊರೆಯುವವರ ಕಾಲಿಗೇ ಉಣುಗು ಹತ್ತುವುದು. ಚಳಿಗಾಲ ಶುರುವಾದ ಮೇಲೆ ಸಾಸಿವೆ ಕಾಳಿನಷ್ಟಿರುವ ಮರಿ ಉಣುಗುಗಳು ತರಗೆಲೆಗಳಲ್ಲಿ ತುಂಬಿಕೊಳ್ಳುತ್ತವೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ. ಮಂಗನ ಕಾಯಿಲೆಯವರ ಮನೆಯ ನೀರು ಕುಡಿಯದೆ ಬರುವ ಪದ್ಧತಿ ನಮ್ಮಲ್ಲಿ ಇನ್ನೂ ಅಲ್ಲಲ್ಲಿ ಇದೆ, ಆದಕಾರಣ ಹೇಳಿದೆ.

ಇನ್ನು ಮೆದುಳಿನ ಮಾತು. ಈ ಕಾಯಿಲೆಯನ್ನು ಬರೀ ಜ್ವರವೆಂದು ತಿಳಿದವರು ಬಹಳ ಮಂದಿ. ಒಮ್ಮೆಲೆ ಜ್ವರ, ತಲೆ ಸಿಡಿತ, ಮೈ ಮುರಿದು ಹಾಕಿದ ಹಾಗೆ ನೋವು, ಕೆಲವರಿಗೆ ಮೂಗು ಒಸಡುಗಳಿಂದ ರಕ್ತ. ಇವು ಮೊದಲ ಸುತ್ತಿನವು. ಬಹುಮಂದಿಗೆ ಇಲ್ಲಿಗೇ ಮುಗಿಯುತ್ತದೆ. ಆದರೆ 100 ಮಂದಿಯಲ್ಲಿ ಹತ್ತರಿಂದ ಇಪ್ಪತ್ತು ಮಂದಿಗೆ, ಜ್ವರ ಬಿಟ್ಟು ಒಂದೆರಡು ವಾರ ನೆಟ್ಟಗಿದ್ದ ಮೇಲೆ, ಎರಡನೆಯ ಸುತ್ತು ಬರುತ್ತದೆ. ಆಗ ಮತ್ತೆ ಜ್ವರ, ಸಹಿಸಲಾಗದ ತಲೆನೋವು, ಕುತ್ತಿಗೆ ಬಿಗಿತ, ಕೈ ನಡುಕ, ತಲೆ ತಿರುಗು, ಏನೇನೋ ಮಾತಾಡುವುದು. “ಜ್ವರ ಇಳಿದ ಮೇಲೆ ಗಾಳಿ ಮೆಟ್ಟಿತು” ಎಂದು ಎಷ್ಟು ಮನೆಗಳಲ್ಲಿ ಮಂತ್ರ ಹಾಕಿಸಿದರೋ! ಅದು ಗಾಳಿಯಲ್ಲ, ಮೆದುಳಿನ ಪೊರೆಯವರೆಗೆ ಹೋದ ಅದೇ ಕಾಯಿಲೆ. ಇದನ್ನು ರೋಗಿಗಳ ಪಕ್ಕದಲ್ಲಿ ಕುಳಿತು ದಿನದಿನಕ್ಕೆ ಬರೆದಿಟ್ಟು 1961ರಲ್ಲಿ ಲಂಡನ್ನಿನ ಉಷ್ಣವಲಯದ ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದವರು ವೆಬ್ ಮತ್ತು ಲಕ್ಷ್ಮಣರಾವ್ ಎಂಬ ಇಬ್ಬರು ವೈದ್ಯರು. ಅದರ ತಲೆಬರಹದಲ್ಲೇ ನರಸಂಬಂಧದ ತೊಡಕುಗಳ ಮಾತಿದೆ. ಇಂದು ಈ ಜಿಲ್ಲೆಯ ಯಾವ ವೈದ್ಯರೇ ಆಗಲಿ “ಜ್ವರ ಬಿಟ್ಟಿತೆಂದು ಕೆಲಸಕ್ಕೆ ಹೋಗಬೇಡ, ಇನ್ನೆರಡು ವಾರ ಜೋಪಾನ” ಎಂದು ಹೇಳಿದರೆ, ಆ ತಿಳಿವಳಿಕೆ ನಮ್ಮ ಹಿರಿಯರು ನರಳಿದ್ದನ್ನು ನೋಡಿ ಬರೆದುಕೊಂಡದ್ದರಿಂದ ಬಂದದ್ದು. ಸಂಶೋಧನೆ ಎಂದರೆ ಬರೀ ಮೋಸವೆಂದು ಹೇಳುವವರೊಡನೆ ನಾನು ಇಲ್ಲ. ಪುಣೆಯ ಪ್ರಯೋಗಾಲಯದ ಕೆಲಸಗಾರರಿಗೂ ಈ ವೈರಸ್ಸು ಹತ್ತಿ ಅವರೂ ಮಲಗಿದ್ದುಂಟು.

ಈಗ ಲಸಿಕೆಯ ಕತೆ ಕೇಳಿ. ಹೊಸ ಕಾಯಿಲೆಗೆ ಹೊಸ ಲಸಿಕೆ ಬರುವುದಕ್ಕೆ ಮುಂಚೆ, ರಷ್ಯಾದ ಆ ದಾಯಾದಿ ರೋಗಕ್ಕೆಂದು ಇಲಿಯ ಮೆದುಳಿನಲ್ಲಿ ಬೆಳೆಸಿ ಕೊಂದ ವೈರಸ್ಸಿನ ಲಸಿಕೆಯನ್ನು ನಮ್ಮ ಜಿಲ್ಲೆಯ ಜನರಿಗೆ ಚುಚ್ಚಿ ನೋಡಿದರು. ಊಹೆ ತಪ್ಪಾಗಿರಲಿಲ್ಲ, ನೆಂಟ ರೋಗದ ಲಸಿಕೆ ಇದನ್ನೂ ತಡೆದೀತು ಎಂದು ಯಾರಾದರೂ ಯೋಚಿಸಬಹುದು. ಆದರೆ 1962ರಲ್ಲಿ ಪ್ರಕಟವಾದ ಲೆಕ್ಕ ನೋಡಿದರೆ ಚುಚ್ಚಿಸಿಕೊಂಡವರಿಗೂ ಚುಚ್ಚಿಸಿಕೊಳ್ಳದವರಿಗೂ ವ್ಯತ್ಯಾಸ ಕಾಣಲಿಲ್ಲ. ಲಸಿಕೆ ಸೋತಿತು. ಸೋತಿತೆಂದು ಬರೆದರಲ್ಲ, ಅದನ್ನು ನಾನು ಮೆಚ್ಚುತ್ತೇನೆ. ಲೆಕ್ಕ ಇಡದೆ ಹೋಗಿದ್ದರೆ ಆ ಲಸಿಕೆಯನ್ನೇ ಇಪ್ಪತ್ತು ವರ್ಷ ಚುಚ್ಚುತ್ತ, ನಾವೂ ತೋಳೊಡ್ಡುತ್ತ ಇರುತ್ತಿದ್ದೆವು. ತೋಳೊಡ್ಡಿದವರಿಗೆ “ನಿಮಗೆ ಹಾಕಿದ್ದು ಫಲ ಕೊಡಲಿಲ್ಲ” ಎಂದು ಯಾರಾದರೂ ಹಳ್ಳಿಗೆ ಬಂದು ಹೇಳಿದರೇ? ಪತ್ರಿಕೆ ಇಂಗ್ಲಿಷಿನದು, ಓದುವವರು ಪಂಡಿತರು.

ಇನ್ನೊಂದು ಸಂಗತಿ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 1966ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಲೇಖನ ಬಂದಿದೆ. ರಕ್ತದ ಕ್ಯಾನ್ಸರ್ ಮುಂತಾದವು ಬಲಿತು ಬದುಕುವ ಆಸೆ ಕಡಿಮೆಯಾಗಿದ್ದ 28 ಮಂದಿ ರೋಗಿಗಳಿಗೆ ವೈರಸ್ಸುಗಳನ್ನೇ ಚುಚ್ಚಿ ನೋಡಿದ ವರದಿ. ಕ್ಯಾನ್ಸರಿನ ಕಣಗಳನ್ನು ವೈರಸ್ಸು ತಿಂದೀತೇ ಎಂಬ ಆಸೆ. ಚುಚ್ಚಿದ್ದು ಎರಡು ಬಗೆಯ ವೈರಸ್ಸು: ಒಂದು ಮಲಯದಲ್ಲಿ ಸಿಕ್ಕಿದ್ದು, ಇನ್ನೊಂದು ನಮ್ಮ ಕ್ಯಾಸನೂರಿನದು. ಬರೆದವರಲ್ಲಿ ಮೊದಲ ಹೆಸರು ನಮ್ಮ ಜಿಲ್ಲೆಯ ರೋಗಿಗಳನ್ನು ಕಂಡಿದ್ದ ಅದೇ ವೆಬ್ ಅವರದು. ಕೆಲವರಿಗೆ ಅಲ್ಪಕಾಲ ಉಪಶಮನವಾಯಿತು, ಕೆಲವರಿಗೆ ಮೆದುಳಿನ ಉರಿಯೂತವಾಯಿತು. ಚಿಕಿತ್ಸೆಯಾಗಿ ಅದು ನಿಲ್ಲಲಿಲ್ಲ. ಸೊರಬದ ಕಾಡಿನ ಉಣುಗಿನೊಳಗಿದ್ದದ್ದು ಇಂಗ್ಲೆಂಡಿನ ಸಾಯುವ ರೋಗಿಯ ರಕ್ತಕ್ಕೆ ಹೋಯಿತು! ಆ 28 ಮಂದಿಯೂ ಬಹುಶಃ ನಮ್ಮ ನಿಮ್ಮಂಥವರೇ. ಬಿಳಿಯರು ಕರಿಯರ ಮೇಲೆ ಮಾತ್ರ ಪ್ರಯೋಗ ಮಾಡುತ್ತಾರೆಂಬ ಸುಲಭದ ಮಾತು ಇಲ್ಲಿ ಸಲ್ಲದು. ಎಲ್ಲ ದೇಶದಲ್ಲೂ ಪ್ರಯೋಗಕ್ಕೆ ಮೈ ಕೊಟ್ಟವನು ರೋಗಿ. ಅವನಿಗೆ ಎಷ್ಟು ತಿಳಿಸಿ ಕೇಳಿದರು ಎಂಬುದರಲ್ಲೇ ನ್ಯಾಯ ಅನ್ಯಾಯ ಇರುವುದು.

ಮಂಗನ ಕಾಯಿಲೆ ಕಾಡಿನಂಚಿನವರದು, ಪೇಟೆಯ ನಮಗೇನು ಎಂದು ವ್ಯಾಪಾರಿ ಮಿತ್ರರು ಯೋಚಿಸುತ್ತಿರಬಹುದು. ಲಕ್ವಕ್ಕೆ ಕಾಡು ಬೇಡ. ಗಲ್ಲದ ಮೇಲೆ ಕುಳಿತವನಿಗೂ ಬರುತ್ತದೆ, ಚೀಲ ಹೊರುವವನಿಗೂ ಬರುತ್ತದೆ. ಪ್ರಯೋಗ ಎಂದರೇನು, ಅದರ ಫಲ ನಮ್ಮ ತಾಲ್ಲೂಕಿಗೆ ಬಂದಿದೆಯೇ ಎಂಬುದನ್ನು ಲಕ್ವದಲ್ಲಿ ನೋಡಿದಷ್ಟು ಸ್ಪಷ್ಟವಾಗಿ ಬೇರೆಡೆ ನೋಡಲಾಗದು.

ಲಕ್ವ ಎರಡು ಬಗೆ. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ಗರಣೆ ಕಟ್ಟಿ ರಕ್ತ ನಿಂತುಹೋಗುವುದು ಒಂದು. ನಾಳ ಒಡೆದು ಮೆದುಳಿನೊಳಗೆ ರಕ್ತ ಸೋರುವುದು ಇನ್ನೊಂದು. ಮೊದಲನೆಯದೇ ಹೆಚ್ಚು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಕೈ ಬಿದ್ದಿರುತ್ತದೆ, ಬಾಯಿ ಓರೆಯಾಗಿರುತ್ತದೆ. ಒಂದಕ್ಕೆ ಅಮೃತವಾದ ಔಷಧಿ ಇನ್ನೊಂದಕ್ಕೆ ವಿಷ. ಯಾವುದೆಂದು ಹೇಳಬಲ್ಲದ್ದು ಸಿ.ಟಿ. ಯಂತ್ರ.

ಗರಣೆಯನ್ನು ಕರಗಿಸುವ ಔಷಧಿಯನ್ನು ಅಮೆರಿಕದಲ್ಲಿ 624 ಮಂದಿಯಲ್ಲಿ ಪರೀಕ್ಷಿಸಿ 1995ರಲ್ಲಿ ಫಲ ಪ್ರಕಟಿಸಿದರು. ಪರೀಕ್ಷೆಯ ರೀತಿ ಹೀಗೆ: ಲಕ್ವ ಹೊಡೆದು ಮೂರು ಗಂಟೆಯೊಳಗೆ ಬಂದ ರೋಗಿಗೆ, ಚೀಟಿ ಎತ್ತಿದ ಹಾಗೆ, ಔಷಧಿ ಅಥವಾ ಔಷಧಿಯಿಲ್ಲದ ಹುಸಿ ಮದ್ದು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಪರೀಕ್ಷಿಸುವ ವೈದ್ಯನಿಗೂ ಗೊತ್ತಿಲ್ಲ. ಇದೆಂಥ ಆಟ ಎಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸಿತ್ತು. ಆದರೆ ಯೋಚಿಸಿ ನೋಡಿ. ಲಕ್ವ ಬಂದವರಲ್ಲಿ ಕೆಲವರು ಏನೂ ಮಾಡದಿದ್ದರೂ ತಾವಾಗಿ ಸುಧಾರಿಸುತ್ತಾರೆ. ಅಂಥವನು ಎಣ್ಣೆ ತಿಕ್ಕಿಸಿಕೊಂಡಿದ್ದರೆ ಹೆಸರು ಎಣ್ಣೆಯವನಿಗೆ, ಹರಕೆ ಹೊತ್ತಿದ್ದರೆ ದೇವರಿಗೆ, ಸೂಜಿ ಚುಚ್ಚಿಸಿಕೊಂಡಿದ್ದರೆ ಡಾಕ್ಟರಿಗೆ. ಸುಧಾರಿಸದೆ ಹೋದವರ ಲೆಕ್ಕವನ್ನು ಮೂವರೂ ಇಡುವುದಿಲ್ಲ. ಚೀಟಿ ಎತ್ತಿ, ಎರಡೂ ಗುಂಪನ್ನು ಕೊನೆಯವರೆಗೆ ನೋಡಿದಾಗಲೇ ತಕ್ಕಡಿ ಸರಿ ತೂಗುವುದು. ತೂಕದ ವಿಷಯ ವ್ಯಾಪಾರಿಗಳಿಗೆ ನಾನು ಹೇಳಿಕೊಡಬೇಕಿಲ್ಲ.

ತೂಗಿದಾಗ ಬಂದ ಲೆಕ್ಕ: ಮೂರು ತಿಂಗಳ ಬಳಿಕ, ತನ್ನ ಕೆಲಸ ತಾನು ಮಾಡಿಕೊಳ್ಳುವಷ್ಟು ಚೇತರಿಸಿಕೊಂಡವರು ಔಷಧಿ ಪಡೆದ 100 ಮಂದಿಯಲ್ಲಿ 39, ಹುಸಿ ಮದ್ದಿನ 100 ಮಂದಿಯಲ್ಲಿ 26. ಇದು ಲಾಭ. ನಷ್ಟವನ್ನೂ ಹೇಳಬೇಕು: ಔಷಧಿ ಪಡೆದ 100ರಲ್ಲಿ ಆರು ಮಂದಿಗೆ ಮೆದುಳಿನಲ್ಲಿ ರಕ್ತ ಸೋರಿ ಸ್ಥಿತಿ ಕೆಟ್ಟಿತು, ಹುಸಿ ಮದ್ದಿನವರಲ್ಲಿ ಒಬ್ಬನೂ ಪೂರ್ತಿ ಇಲ್ಲ. ಲಾಭ ನಷ್ಟ ಎರಡನ್ನೂ ತೋರಿಸಿದ ಮೇಲೆಯೇ ಆ ಔಷಧಿ ಲೋಕದಲ್ಲಿ ಒಪ್ಪಿತವಾದದ್ದು. 2008ರಲ್ಲಿ ಯೂರೋಪಿನ ಇನ್ನೊಂದು ಪ್ರಯೋಗ, 821 ಮಂದಿಯಲ್ಲಿ ನೋಡಿ, ಮೂರು ಗಂಟೆಯ ಗಡುವನ್ನು ನಾಲ್ಕೂವರೆ ಗಂಟೆಗೆ ಬೆಳೆಸಿತು.

ನಾಲ್ಕೂವರೆ ಗಂಟೆ. ಈಗ ಸೊರಬದ ಒಂದು ಹಳ್ಳಿಯಿಂದ ಲೆಕ್ಕ ಹಾಕಿ. ಕಾಯಿಲೆ ಏನೆಂದು ಗುರುತಿಸಬೇಕು. ವಾಹನ ಬರಬೇಕು. ಶಿರಾಳಕೊಪ್ಪ ದಾಟಿ, ಶಿಕಾರಿಪುರ ದಾಟಿ ಶಿವಮೊಗ್ಗ ಮುಟ್ಟಬೇಕು. ಅಲ್ಲಿ ಚೀಟಿ ಮಾಡಿಸಿ ಸಿ.ಟಿ. ತೆಗೆಸಬೇಕು. ದಾರಿಯಲ್ಲಿ ಒಂದು ಕಡೆ ಎಣ್ಣೆ ತಿಕ್ಕಿಸಲು ನಿಂತರೆ, ಇನ್ನೊಂದು ಕಡೆ ಗ್ಲೂಕೋಸ್ ಬಾಟಲಿ ಹಾಕಿಸಲು ನಿಂತರೆ ಮುಗಿಯಿತು. ರಾತ್ರಿ ಮಲಗಿ ಬೆಳಿಗ್ಗೆ ಬಿದ್ದು ಎದ್ದವನಿಗಂತೂ ಗಡಿಯಾರ ಯಾವಾಗ ಶುರುವಾಯಿತೆಂದೇ ಗೊತ್ತಿಲ್ಲ. ನನ್ನ ಗೆಳೆಯನಿಗೆ ಮೂರು ದಿನ ಹಿಡಿಯಿತು ಎಂದು ಹೇಳಿದೆನಲ್ಲ. ಅವನ ಮನೆಯವರನ್ನು ದೂರಿ ಏನು ಫಲ? ಎಂಟು ಸಾವಿರ ಮೈಲಿ ದೂರದ ಪ್ರಯೋಗದ ಫಲ ಅವರ ಬಾಗಿಲಿಗೆ ಯಾರೂ ತಂದಿರಲಿಲ್ಲ. ಅಂಗಾತ ಬಿದ್ದವನಿಗೆ ಮುಖ ಓರೆಯೇ ನೋಡಿ, ಎರಡೂ ಕೈ ಎತ್ತಿಸಿ ನೋಡಿ, ಒಂದು ಮಾತಾಡಿಸಿ ನೋಡಿ. ಮೂರರಲ್ಲಿ ಒಂದು ಕೆಟ್ಟಿದ್ದರೂ 108ಕ್ಕೆ ಫೋನು ಮಾಡಿ, ಸಿ.ಟಿ. ಯಂತ್ರ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಯಾವ ಆಸ್ಪತ್ರೆಯಲ್ಲಿ ಆ ಯಂತ್ರ ರಾತ್ರಿಯಲ್ಲೂ ನಡೆಯುತ್ತದೆಂದು ಇವತ್ತೇ ವಿಚಾರಿಸಿ ಗಿರಣಿಯ ಗೋಡೆಯ ಮೇಲೆ ಬರೆಸಿಡಿ. ಬಿದ್ದ ದಿನ ವಿಚಾರಿಸುವುದಕ್ಕೆ ಹೊತ್ತಿರುವುದಿಲ್ಲ.

(ಇಲ್ಲಿ ಸಭೆಯಿಂದ ಒಬ್ಬರು ಕೇಳಿದರು: “ಆಸ್ಪತ್ರೇಲಿ ಹದಿನೈದು ದಿನ ಮೆದುಳಿಗೆ ಶಕ್ತಿ ಬರೋ ಇಂಜೆಕ್ಷನ್ ಅಂತ ಕೊಟ್ರಲ್ಲ ಸ್ವಾಮಿ, ಅದು?”)

ಒಳ್ಳೆಯ ಪ್ರಶ್ನೆ. ಇದರಲ್ಲೇ ಎಷ್ಟೋ ಮನೆಯ ಬಂಗಾರ ಗಿರವಿ ಅಂಗಡಿ ಸೇರಿರುವುದು. ಅಂಥ ಮದ್ದುಗಳಲ್ಲಿ ಬಹಳ ಬಳಕೆಯಲ್ಲಿರುವುದು ಸಿಟಿಕೋಲಿನ್. ಅದನ್ನು ಯೂರೋಪಿನಲ್ಲಿ 2298 ಮಂದಿ ಲಕ್ವ ರೋಗಿಗಳಲ್ಲಿ, ನಾನು ಹೇಳಿದ ಚೀಟಿಯ ಕ್ರಮದಲ್ಲೇ, ಪರೀಕ್ಷಿಸಿ 2012ರಲ್ಲಿ ಫಲ ಪ್ರಕಟಿಸಿದರು. ಹುಸಿ ಮದ್ದಿಗಿಂತ ಅದು ಮೇಲೆಂದು ಕಾಣಲಿಲ್ಲ. ಹಾನಿಯೂ ಹೆಚ್ಚಿರಲಿಲ್ಲ ಅನ್ನಿ, ಹಾನಿಯಾದದ್ದು ಜೇಬಿಗೆ. ಅದೇ ಕಾಲಕ್ಕೆ ಬಹಳ ಅಗ್ಗದ ಆಸ್ಪಿರಿನ್ ಗುಳಿಗೆಯ ಕತೆ ಬೇರೆ. 1997ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲ ಬಂತು, ಒಂದು ಹಲವು ದೇಶಗಳದು, ಇನ್ನೊಂದು ಚೀನಾದ್ದು. ಎರಡೂ ಸೇರಿ 40,000 ರೋಗಿಗಳು. ಗರಣೆಯ ಲಕ್ವಕ್ಕೆ ಬೇಗ ಆಸ್ಪಿರಿನ್ ಕೊಟ್ಟರೆ ಸಾವಿರಕ್ಕೆ ಒಂಬತ್ತು ಹತ್ತು ಮಂದಿ ಸಾವಿನಿಂದಲೋ ಮರುಲಕ್ವದಿಂದಲೋ ಪಾರಾಗುತ್ತಾರೆ. ಸಣ್ಣ ಲಾಭ, ಆದರೆ ಚಿಲ್ಲರೆ ಕಾಸಿನ ಗುಳಿಗೆಗೆ. ಹಾಗೆಂದು ಮನೆಯಲ್ಲೇ ನುಂಗಿಸಬೇಡಿ. ಸೋರಿದ ರಕ್ತದ ಲಕ್ವವಾಗಿದ್ದರೆ ಕೇಡಾಗುತ್ತದೆ. ಸಿ.ಟಿ. ಆದ ಮೇಲೆ ವೈದ್ಯರು ಹೇಳಿದರೆ ಸರಿ. ದುಬಾರಿ ಬಾಟಲಿ ಸೋತು ಅಗ್ಗದ ಗುಳಿಗೆ ಗೆದ್ದಿತೆಂದು ನಮಗೆ ತಿಳಿದದ್ದು ಪ್ರಯೋಗದಿಂದ. ಬಾಟಲಿ ಈಗಲೂ ಮಾರಾಟವಾಗುತ್ತಲೇ ಇದೆ.

ರಕ್ತದೊತ್ತಡದ ಮಾತನ್ನು ಬಿಟ್ಟು ಮುಂದೆ ಹೋಗಲಾರೆ. 1967ರಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ, ಒತ್ತಡ ಬಹಳ ಏರಿದ್ದ 143 ಮಂದಿಯನ್ನು ಎರಡು ಗುಂಪು ಮಾಡಿದರು. ಹುಸಿ ಗುಳಿಗೆ ಪಡೆದ 70 ಮಂದಿಯಲ್ಲಿ 27 ಮಂದಿಗೆ ಗಂಭೀರ ತೊಂದರೆಗಳಾದವು. ಔಷಧಿ ಪಡೆದ 73 ಮಂದಿಯಲ್ಲಿ ಇಬ್ಬರಿಗೆ. ಇಪ್ಪತ್ತೇಳು, ಎರಡು! ಆ 70 ಮಂದಿ ಹುಸಿ ಗುಳಿಗೆ ನುಂಗಿ ಅನುಭವಿಸಿದ್ದರಿಂದಲೇ ಪ್ರಪಂಚಕ್ಕೆ ಗೊತ್ತಾಯಿತು, ಏರಿದ ಒತ್ತಡವನ್ನು ಇಳಿಸಿದರೆ ಜೀವ ಉಳಿಯುತ್ತದೆಂದು. ಒಮ್ಮೆ ಲಕ್ವ ಬಂದವರಲ್ಲೂ ಒತ್ತಡ ಇಳಿಸಿದರೆ ಮರಳಿ ಬರುವುದು ನಾಲ್ಕನೆಯ ಒಂದು ಭಾಗಕ್ಕಿಂತ ಹೆಚ್ಚು ತಗ್ಗುತ್ತದೆಂದು 2001ರಲ್ಲಿ 6105 ಮಂದಿಯ ಪ್ರಯೋಗ ತೋರಿಸಿತು. ಆ ಬಗೆಯ ಗುಳಿಗೆಗಳು ಇಂದು ಅಗ್ಗ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕೊಡುತ್ತಾರೆ. ಆದರೆ ನಮ್ಮ ಹಮಾಲಿಗಳು ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಒತ್ತಡ ನೋಡಿಸಿಕೊಳ್ಳಬೇಕಾದರೆ ಅರ್ಧ ದಿನದ ಕೂಲಿ ಬಿಡಬೇಕು. ಒತ್ತಡ ಏರಿದ್ದು ಮೈಗೆ ಗೊತ್ತಾಗುವುದಿಲ್ಲವಾದ್ದರಿಂದ ಯಾರೂ ಬಿಡುವುದಿಲ್ಲ. ನರ್ಸಮ್ಮನೋ ಆಶಾ ಕಾರ್ಯಕರ್ತೆಯೋ ತಿಂಗಳಿಗೊಮ್ಮೆ ಗಿರಣಿಗೇ ಬಂದು ನೋಡಲಿ ಎಂದು ಮಾಲೀಕರನ್ನೂ ತಾಲ್ಲೂಕು ಆರೋಗ್ಯಾಧಿಕಾರಿಗಳನ್ನೂ ಕೇಳುವುದು ಈ ಸಭೆಯಿಂದ ಆಗಬಹುದಾದ ಕೆಲಸ. ಬೀಡಿಯ ವಿಷಯ ಎತ್ತಿದರೆ ಹಿಂದಿನ ಸಾಲಿನವರು ಎದ್ದು ಹೋಗುತ್ತಾರೆ, ಆದುದರಿಂದ ಎತ್ತುವುದಿಲ್ಲ. ಬಿಟ್ಟರೆ ಒಳ್ಳೆಯದು ಅಂತ ಮಾತ್ರ.

ನಮ್ಮ ನಾಡಿನಲ್ಲೇ ನಡೆದ ಸಂಶೋಧನೆಯೂ ಇಲ್ಲದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಗೌರಿದೇವಿ ಮತ್ತು ಸಂಗಡಿಗರು 1993ರಿಂದ 1995ರವರೆಗೆ ಬೆಂಗಳೂರು ಪೇಟೆಯಲ್ಲೂ ಹಳ್ಳಿಗಳಲ್ಲೂ ಮನೆಮನೆಗೆ ಹೋಗಿ 1,02,557 ಜನರನ್ನು ವಿಚಾರಿಸಿದರು. ನರರೋಗಗಳು ಪೇಟೆಯಲ್ಲಿ ಲಕ್ಷಕ್ಕೆ 2,190, ಹಳ್ಳಿಗಳಲ್ಲಿ 4,070. ನರರೋಗದ ವೈದ್ಯರು ಇರುವುದು ಪೇಟೆಯಲ್ಲಿ, ರೋಗಿಗಳು ಹೆಚ್ಚಾಗಿರುವುದು ಹಳ್ಳಿಯಲ್ಲಿ! ಇನ್ನೊಂದು, ಇಂಡಿಯಾದ 14 ಆಸ್ಪತ್ರೆಗಳಲ್ಲಿ 1250 ಲಕ್ವ ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದದ್ದು. ವ್ಯಾಯಾಮ ಮಾಡಿಸುವ ತಜ್ಞರು ಸಾಲದಿರುವ ನಮ್ಮ ದೇಶದಲ್ಲಿ, ಹೆಂಡತಿಗೋ ಮಗನಿಗೋ ಕಲಿಸಿಕೊಟ್ಟು ಮನೆಯಲ್ಲೇ ಮಾಡಿಸಿದರೆ ಹೇಗೆ ಎಂಬ ಪರೀಕ್ಷೆ. ಆರು ತಿಂಗಳ ಬಳಿಕ ನೋಡಿದರೆ ಎರಡೂ ಗುಂಪಿನಲ್ಲಿ ಸತ್ತವರೂ ಪರಾಧೀನರಾದವರೂ ಸೇರಿ 100ಕ್ಕೆ 47. ಏನೂ ವ್ಯತ್ಯಾಸವಿಲ್ಲ. ಎಲ್ಲ ಹೊರೆಯನ್ನೂ ಮನೆಯ ಹೆಂಗಸಿನ ತಲೆಗೆ ಕಟ್ಟಿ “ತರಬೇತಿ ಕೊಟ್ಟಿದ್ದೇವೆ” ಎಂದು ಸರ್ಕಾರ ಕೈ ತೊಳೆದುಕೊಳ್ಳುವಂತಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇದು ನನ್ನ ಅಭಿಪ್ರಾಯ. ಬರೆದವರು ಇಷ್ಟು ಕಟುವಾಗಿ ಹೇಳಿಲ್ಲ.

ಇನ್ನು ಹೆಬ್ಬೆಟ್ಟಿನ ವಿಷಯ. ಸೊರಬದಲ್ಲಿ ಮೊದಲ ಸಲ ರಕ್ತ ತೆಗೆದ ಕಾಲದಲ್ಲಿ ರೋಗಿಯ ಒಪ್ಪಿಗೆಯ ಬಗ್ಗೆ ನಮ್ಮ ದೇಶದಲ್ಲಿ ಬರೆದ ನಿಯಮ ಇರಲಿಲ್ಲ. ಪ್ರಪಂಚದ ವೈದ್ಯರ ಸಂಘ ಹೆಲ್ಸಿಂಕಿಯಲ್ಲಿ ಘೋಷಣೆ ಮಾಡಿದ್ದು 1964ರಲ್ಲಿ. ನಮ್ಮ ಸಂಶೋಧನಾ ಮಂಡಳಿ ಮೊದಲ ಹೇಳಿಕೆ ಹೊರಡಿಸಿದ್ದು 1980ರಲ್ಲಿ. ಹೊಸ ಔಷಧಿಗಳ ಪ್ರಯೋಗಕ್ಕೆ ಈಗ 2019ರ ನಿಯಮಗಳಿವೆ. ಅವುಗಳ ಪ್ರಕಾರ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿಷಯ ಹೇಳಬೇಕು. ಓದಲು ಬಾರದವನಾದರೆ ಪ್ರಯೋಗಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಎದುರಿಗೆ ಇರಬೇಕು. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು. ಸರಿದರೆ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗದಿಂದ ಹಾನಿಯಾದರೆ ಪುಕ್ಕಟೆ ಚಿಕಿತ್ಸೆ, ಪರಿಹಾರ. ಪ್ರಯೋಗಗಳನ್ನು ಸರ್ಕಾರಿ ದಫ್ತರಿನಲ್ಲಿ ದಾಖಲು ಮಾಡುವುದು 2009ರಿಂದ ಕಡ್ಡಾಯ. ಯಾರು ಬೇಕಾದರೂ ಅದನ್ನು ತೆಗೆದು ನೋಡಬಹುದು.

ಕಾಗದದ ಮೇಲೆ ಇವೆಲ್ಲ ಚೆನ್ನಾಗಿವೆ. ಲಕ್ವದಲ್ಲಿ ಮಾತ್ರ ಒಂದು ಕಷ್ಟವುಂಟು. ರೋಗಿಗೆ ಮಾತು ಬಿದ್ದಿರುತ್ತದೆ, ಹೊತ್ತು ಓಡುತ್ತಿರುತ್ತದೆ, ಒಪ್ಪಿಗೆ ಕೊಡಬೇಕಾದವಳು ಗಾಬರಿಯಲ್ಲಿ ನಿಂತಿರುವ ಹೆಂಡತಿ. ಆಗ ಆಕೆ ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತುತ್ತಾಳೆ. ಇಂಥ ಹೊತ್ತಿನಲ್ಲಿ ಸಂಘದಿಂದ ಒಬ್ಬರು ಜೊತೆಗೆ ಹೋಗಿ ಎರಡು ಮಾತು ಕೇಳಬೇಕು: ಇದು ಚಿಕಿತ್ಸೆಯೋ ಪ್ರಯೋಗವೋ? ಬೇಡವೆಂದರೆ ಇವನಿಗೆ ಸಿಗಬೇಕಾದ ಚಿಕಿತ್ಸೆ ಸಿಗುತ್ತದೆಯೇ? ಪ್ರಾಮಾಣಿಕ ವೈದ್ಯರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಸಮಾಧಾನವಾದ ಉತ್ತರ ಬಂದರೆ ಸೇರಿರಿ ಎಂದೇ ನಾನು ಹೇಳುತ್ತೇನೆ. ಆ 70 ಮಂದಿ ಸೇರದಿದ್ದರೆ ನಮಗೆ ಒತ್ತಡದ ಗುಳಿಗೆ ಎಲ್ಲಿತ್ತು?

ಕೊನೆಗೆ ಮತ್ತೆ ಕ್ಯಾಸನೂರಿಗೆ ಬರುತ್ತೇನೆ. ಇಲಿಮೆದುಳಿನ ಲಸಿಕೆ ಸೋತ ಮೇಲೆ ಪುಣೆಯವರು ಕೋಳಿಮೊಟ್ಟೆಯ ಭ್ರೂಣದ ಕಣಗಳಲ್ಲಿ ಬೆಳೆಸಿದ ಹೊಸ ಲಸಿಕೆ ಮಾಡಿದರು. 1990ರ ಸುಮಾರಿನಿಂದ ನಮ್ಮಲ್ಲಿ ಹಾಕುತ್ತಿದ್ದದ್ದು ಅದೇ. ಹಾಕಿಸಿಕೊಂಡವರಿಗೆ ಅದರ ನೋವು ನೆನಪಿರುತ್ತದೆ. 2005ರಿಂದ 2010ರವರೆಗಿನ ಲೆಕ್ಕ ತೆಗೆದು 2013ರಲ್ಲಿ ಪ್ರಕಟಿಸಿದಾಗ, ಎರಡು ಸಲ ಹಾಕಿಸಿಕೊಂಡವರಿಗೆ 100ಕ್ಕೆ 62ರಷ್ಟು, ಮೇಲಿಂದ ಮತ್ತೂ ಹಾಕಿಸಿಕೊಂಡವರಿಗೆ 83ರಷ್ಟು ರಕ್ಷಣೆ ಕಂಡಿತು. ಹಾಕಿಸಿಕೊಂಡವರೇ ಕಡಿಮೆ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಆದ ಸಾವುಗಳು ನಿಮಗೆ ಗೊತ್ತೇ ಇವೆ. ಬಳಿಕ ತಯಾರಾದ ಲಸಿಕೆಯ ಶಕ್ತಿ ಪರೀಕ್ಷೆಯಲ್ಲಿ ಸಾಲದಾಗಿ, 2022ರಲ್ಲಿ ಅದು ನಿಂತೇಹೋಯಿತು. ಅರುವತ್ತೈದು ವರ್ಷದ ಸಂಶೋಧನೆಯ ಬಳಿಕ ಕಾಡಿಗೆ ಹೋಗುವವನ ಕೈಯಲ್ಲಿ ಉಳಿದದ್ದು ಕಾಲಿಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ.

ಈಗ ಸಂಶೋಧನಾ ಮಂಡಳಿಯೂ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಸಂಸ್ಥೆಯೂ ಸೇರಿ ಹೊಸ ಲಸಿಕೆಯ ಕೆಲಸ ಹಿಡಿದಿವೆ. ಯಾವ ಲಸಿಕೆಯಾದರೂ ಮೊದಲು ಕೆಲವೇ ಆರೋಗ್ಯವಂತರಲ್ಲಿ, ಬಳಿಕ ಹೆಚ್ಚು ಜನರಲ್ಲಿ ಪರೀಕ್ಷೆಯಾಗಬೇಕು. ಕಾಯಿಲೆ ತಡೆಯುತ್ತದೆಯೇ ಎಂದು ನೋಡಬೇಕಾದರೆ ಕಾಯಿಲೆ ಇರುವ ಊರಿಗೇ ಬರಬೇಕು. ಅಂದರೆ ಒಂದಲ್ಲ ಒಂದು ದಿನ ಮಲೆನಾಡಿಗೇ. ನನ್ನನ್ನು ಕೇಳಿದರೆ ನಾನು ತೋಳೊಡ್ಡುತ್ತೇನೆ. ಆದರೆ ಕಾಗದ ಕನ್ನಡದಲ್ಲಿರಬೇಕು, ಗ್ರಾಮಸಭೆಯಲ್ಲಿ ಓದಿ ಹೇಳಬೇಕು, ಲಸಿಕೆ ಗೆದ್ದರೆ ಮೊದಲ ಪಾಲು ಈ ತಾಲ್ಲೂಕುಗಳಿಗೆ ಬರಬೇಕು, ಸೋತರೆ ಸೋತಿತೆಂದು ಅದೇ ಗ್ರಾಮಸಭೆಗೆ ಬಂದು ಹೇಳಬೇಕು. ಈ ನಾಲ್ಕನ್ನು ಈಗಲೇ ಬರೆದು ಜಿಲ್ಲಾಡಳಿತಕ್ಕೆ ಕೊಡೋಣ ಎಂದು ನನ್ನ ಸಲಹೆ. ಅರ್ಜಿಯ ಕರಡು ಅಧ್ಯಕ್ಷರ ಮೇಜಿನ ಮೇಲಿದೆ.

ಅದರ ಪಕ್ಕದಲ್ಲಿ ನನ್ನ ಗೆಳೆಯನ ಹೆಂಡತಿಯ ಆ ನಾಲ್ಕು ಪುಟದ ಕಾಗದವನ್ನೂ, ಹೆಸರು ಮುಚ್ಚಿ, ಕನ್ನಡಕ್ಕೆ ಇಳಿಸಿ ಇಟ್ಟಿದ್ದೇನೆ. ಕನ್ನಡದಲ್ಲಿ ಅದು ಎರಡೂವರೆ ಪುಟವಾಯಿತು. ಓದಲು ಬಾರದವರಿಗೆ ನಾನು ಇಲ್ಲೇ ಕುಳಿತು ಓದಿ ಹೇಳುತ್ತೇನೆ. ಕೊನೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ.